ಲಿಫ್ಟಿನಲ್ಲಿ ಇಳಿದ ತೂಕ

ಜೂನ್ ೪

ಪ್ರೀತಿಯ ಅಕ್ಕನಿಗೆ,

ಮಾಡಬಾರದ್ದನ್ನು ಮಾಡಿದ್ದೇನೆ. ಕಟಕಟೆಯಲ್ಲಿ ನಿಂತು, ಕೈಮುಗಿದು, ತಲೆ ತಗ್ಗಿಸಿ (ನನ್ನ ಗಲ್ಲ ಎದೆಗೆ ತಾಗುವ ಮೊದಲೇ ಇನ್ನೊಂದು ಗಲ್ಲಕ್ಕೆ ತಾಗುತ್ತದೆ, ಅದು ಬೇರೆ ವಿಷಯ) ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಮಾರ್ಚ್ ತಿಂಗಳಲ್ಲಿ ನೀನು ಕಳಿಸಿದ ತೂಕದ ಯಂತ್ರವನ್ನು, ಬಾಲ್ಕನಿಯ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಅಡ್ಡ ಇಟ್ಟಿದ್ದೆ. ಇಷ್ಟು ದಿನ ಅದು ತೂಗಿದ್ದು ಬಾಗಿಲನ್ನು, ನನ್ನನ್ನಲ್ಲ. ಹಾಗಾದರೆ ಹೋದ ಕಾಗದದಲ್ಲಿ ಬರೆದ ‘ತೊಂಬತ್ತೊಂದು ಕಿಲೋ’ ಎಲ್ಲಿಂದ ಬಂತು ಎಂದು ಕೇಳಬೇಡ. ಭೌತಶಾಸ್ತ್ರದ ಮೇಷ್ಟ್ರಿಗೂ ಒಮ್ಮೊಮ್ಮೆ ಕವಿತೆ ಹುಟ್ಟುತ್ತದೆ.

ನಿನ್ನೆ ಧೈರ್ಯ ಮಾಡಿ ಹತ್ತಿದೆ. ಮುಳ್ಳು ಗಾಬರಿಯಾಗಿ ಅತ್ತಿತ್ತ ಓಡಾಡಿ, ಕೊನೆಗೆ ತೊಂಬತ್ತೆಂಟರಲ್ಲಿ ನಿಟ್ಟುಸಿರು ಬಿಟ್ಟು ನಿಂತಿತು.

ಆರೋಪಿಯ ಪರವಾಗಿ ಒಂದೇ ಮಾತು. ನಿಂತ ವಸ್ತು ನಿಂತೇ ಇರುತ್ತದೆ, ಒಂದೇ ವೇಗದಲ್ಲಿ ನೆಟ್ಟಗೆ ಹೋಗುವ ವಸ್ತು ಹಾಗೇ ಹೋಗುತ್ತಲೇ ಇರುತ್ತದೆ, ಹೊರಗಿನಿಂದ ಯಾವುದಾದರೂ ಬಲ ಬಂದು ತಳ್ಳುವ ತನಕ. ಇದಕ್ಕೆ ಜಡತ್ವ ಎಂದು ಹೆಸರು. ನನ್ನ ವಿದ್ಯಾರ್ಥಿಗಳು ಬೆನ್ನ ಹಿಂದೆ ನನಗಿಟ್ಟ ಹೆಸರೂ ಅದೇ. ಇಪ್ಪತ್ತಾರು ವರ್ಷದಿಂದ ಬಲ ಮತ್ತು ಚಲನೆಯ ಪಾಠ ಮಾಡುತ್ತಿದ್ದೇನೆ. ಈ ಪಾಠದಲ್ಲಿ ಇವತ್ತಿನ ತನಕ ಒಂದು ನರಪಿಳ್ಳೆಯೂ ನನ್ನ ತಪ್ಪು ಹಿಡಿದಿಲ್ಲ.

ಕರಾರು ನೆನಪಿದೆ. ಸೆಪ್ಟೆಂಬರ್ ಒಂದಕ್ಕೆ ತೊಂಬತ್ತರ ಕೆಳಗೆ ಇಳಿಯದಿದ್ದರೆ ನೀನು ಟ್ರಂಕು ಸಮೇತ ಬಂದು ಇಲ್ಲೇ ಠಿಕಾಣಿ ಹೂಡುತ್ತೀಯ. ನಿನ್ನ ಮೇಲೆ ಪ್ರೀತಿ ಬೆಟ್ಟದಷ್ಟಿದೆ. ಆದರೆ ಹೋದ ಸಲ ನೀನಿದ್ದ ಹದಿನೈದು ದಿನದಲ್ಲಿ ಬೆಳಗಿನ ಐದಕ್ಕೆ ಸೀಟಿ ಊದಿ ಎಬ್ಬಿಸಿದ್ದನ್ನು ನಾನೂ ಮರೆತಿಲ್ಲ, ಕೆಳಗಿನ ಮನೆಯವರೂ ಮರೆತಿಲ್ಲ. ನಾನು ಇಳಿಯುತ್ತೇನೆ. ನೋಡುತ್ತಿರು.

ಇಂತಿ ನಿನ್ನ ತೂಕದ ತಮ್ಮ

ಜೂನ್ ೧೧

ಚಿ. ಗುಂಡನಿಗೆ ಅಕ್ಕನ ಆಶೀರ್ವಾದಗಳು.

ಕಾಗದ ಓದಿ ನಗು ಬಂತು. ನಕ್ಕ ಮೇಲೆ ಸಿಟ್ಟು ಬಂತು. ಫೋನು ಬೇಡ ಅಂದಿದ್ದು ಇದಕ್ಕೇ. ಫೋನಿನಲ್ಲಿ ನಗಿಸಿ ಜಾರಿಕೊಳ್ಳುತ್ತೀಯ. ಕಾಗದದಲ್ಲಾದರೆ, ನಕ್ಕು ಮುಗಿದ ಮೇಲೂ ತೊಂಬತ್ತೆಂಟು ಅಲ್ಲೇ ಇರುತ್ತದೆ.

ಇನ್ನು ಮೇಲೆ ಬರೀ ಅಂಕಿ ನಡೆಯುವುದಿಲ್ಲ. ಬಚ್ಚಲಿನ ಗಟ್ಟಿ ನೆಲದ ಮೇಲೆ ಯಂತ್ರವಿಟ್ಟು, ಅದರ ಮೇಲೆ ನಿಂತು ಫೋಟೋ ತೆಗೆದು, ಅಚ್ಚು ಹಾಕಿಸಿ ಕಳಿಸು. ಮುಳ್ಳೂ ಕಾಣಬೇಕು, ನಿನ್ನ ಕಾಲ್ಬೆರಳೂ ಕಾಣಬೇಕು. ನಿನ್ನ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿರುವುದು ನನಗೆ ಗೊತ್ತು. ಹೋದ ವರ್ಷ ರಕ್ತಪರೀಕ್ಷೆಗೆ ನಿನ್ನ ಬದಲು ಕಾಲೇಜಿನ ಆಟದ ಮೇಷ್ಟ್ರನ್ನು ಕಳಿಸಿದ್ದೆಯಲ್ಲ, ರಿಪೋರ್ಟ್ ನೋಡಿದ ಡಾಕ್ಟರು ‘ನಿಮ್ಮ ತಮ್ಮನಿಗೆ ಹೆಣ್ಣು ನೋಡ್ಬಹುದಲ್ಲಮ್ಮ’ ಅಂದಿದ್ದರು. ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದು ಹೆಡ್ ನರ್ಸ್ ಆಗಿದ್ದವಳು ನಾನು. ಥರ್ಮಾಮೀಟರನ್ನು ಬಿಸಿ ಕಾಫಿಯಲ್ಲಿ ಅದ್ದುವವರನ್ನೆಲ್ಲ ನೋಡಿ ಬಂದಿದ್ದೇನೆ.

ಅಕ್ಕ

ಜೂನ್ ೨೬

ಅಕ್ಕಾ,

ಫೋಟೋ ಇಟ್ಟಿದ್ದೇನೆ. ತೊಂಬತ್ತೇಳು. ಒಂದೇ ಕಿಲೋ ಎಂದು ಮೂಗು ಮುರಿಯಬೇಡ. ಆನೆ ಬಗ್ಗಬೇಕಾದರೂ ಮೊದಲು ಒಂದು ಮಂಡಿ ಬಗ್ಗಬೇಕು. ಕಿರುಬೆರಳು ನಿನಗೆ ನಮಸ್ಕಾರ ಹೇಳಿದೆ.

ಇನ್ನೊಂದು ವಿಷಯ, ಇದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ವಿದ್ಯಾರ್ಥಿಗಳಿಗಾಗಿ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಒಂದು ಪ್ರಯೋಗ ನಡೆಸಿದ್ದೇನೆ. ಯಂತ್ರದ ಮುಳ್ಳು ತೋರಿಸುವುದು, ಕಾಲ ಕೆಳಗಿನ ನೆಲ ನಮ್ಮನ್ನು ಎಷ್ಟು ಜೋರಾಗಿ ಮೇಲಕ್ಕೆ ಒತ್ತುತ್ತಿದೆ ಎಂಬುದನ್ನು ಮಾತ್ರ. ಲಿಫ್ಟು ಗಪ್ಪನೆ ಕೆಳಗೆ ಹೊರಟಾಗ ಕಾಲ ಕೆಳಗಿನ ನೆಲವೇ ಜಾರಿಕೊಳ್ಳುತ್ತದೆ, ಒತ್ತುವುದು ಕಡಿಮೆಯಾಗುತ್ತದೆ, ಮುಳ್ಳು ಹಿಂದಕ್ಕೆ ಜಿಗಿಯುತ್ತದೆ. ಮನುಷ್ಯ ಅಷ್ಟೇ ದಪ್ಪ, ತೂಕ ಮಾತ್ರ ಕಡಿಮೆ! ನನ್ನ ಕಣ್ಣಾರೆ ಮುಳ್ಳು ಎಂಬತ್ತಾರಕ್ಕೆ ಇಳಿದದ್ದನ್ನು ನೋಡಿದ್ದೇನೆ. ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ ಬಿಡು, ಶಾಲೆಯಲ್ಲಿ ನೀನು ವಿಜ್ಞಾನದ ಪಿರಿಯಡ್ಡಿನಲ್ಲಿ ಸ್ವೆಟರ್ ಹೆಣೆಯುತ್ತಿದ್ದವಳು.

ಮೊನ್ನೆ ಪ್ರಯೋಗದ ನಡುವೆ ಐದನೇ ಮಹಡಿಯಲ್ಲಿ ಬಾಗಿಲು ತೆರೆದುಕೊಂಡಿತು. ನಾನು ಬರಿಗಾಲಿನಲ್ಲಿ ಯಂತ್ರದ ಮೇಲೆ, ಕೈಯಲ್ಲಿ ಮೊಬೈಲು, ಅರ್ಧ ಬಗ್ಗಿದ ಭಂಗಿ. ಎದುರಿಗೆ ಆರನೇ ಮಹಡಿಯ ದೊಡ್ಡಮ್ಮ, ಐದನೆಯದರಲ್ಲಿ ಯಾರನ್ನೋ ಮಾತಾಡಿಸಲು ಬಂದಿದ್ದವರು.

‘ಏನಪ್ಪಾ ಮೇಷ್ಟ್ರೇ, ಏನು ಬಿದ್ದೋಯ್ತು?’

‘ತೂಕ, ದೊಡ್ಡಮ್ಮಾ.’

‘ಎಲ್ಲಿ ಬಿತ್ತು? ಕಾಣ್ತಾನೇ ಇಲ್ವಲ್ಲ!’ ಎಂದು ನನ್ನ ಹೊಟ್ಟೆಯನ್ನು ಈ ಕಡೆಯಿಂದ ಆ ಕಡೆಯವರೆಗೆ ನಿಧಾನವಾಗಿ ನೋಡಿದರು.

ನಿನ್ನ ಗುಂಡ

ಜುಲೈ ೩

ಚಿ. ಗುಂಡನಿಗೆ,

ಫೋಟೋ ಸೇರಿತು. ಬೆರಳು ನಿನ್ನದೇ. ಮುಳ್ಳೂ ನೆಟ್ಟಗಿದೆ. ಆದರೆ ಒಂದು ಸಂದೇಹ. ನಿನ್ನ ಬಚ್ಚಲಿನಲ್ಲಿ ಬಿಳಿ ಕಲ್ಲು ಹಾಸಿದ್ದು ನನಗೆ ನೆನಪು. ಕಡಲೆಬೀಜ ಚೆಲ್ಲಿದ ಹಾಗೆ ಉಬ್ಬುಬ್ಬಾದ ಕಬ್ಬಿಣದ ತಗಡು ಯಾವಾಗ ಹಾಕಿಸಿದೆ?

ನಿಮ್ಮ ಕಟ್ಟಡದ ಸೆಕ್ರೆಟರಿಯ ವಿಳಾಸ ಕಳಿಸು. ಒಂಟಿಯಾಗಿರುವವನು, ನಾಳೆ ಬಿದ್ದರೆ ಗಿದ್ದರೆ ನನಗೆ ಹೇಳಲು ಒಬ್ಬರಾದರೂ ಬೇಕು.

ಅಕ್ಕ

ಜುಲೈ ೨೧

ಅಕ್ಕಾ,

ತಗಡು? ಓ, ಆ ತಗಡು! ಬಚ್ಚಲಿನಲ್ಲಿ ಕಾಲು ಜಾರದಿರಲಿ ಎಂದು ಹಾಕಿಸಿದೆ. ಘರ್ಷಣೆ ಹೆಚ್ಚಿದಷ್ಟೂ ಮನುಷ್ಯ ಕ್ಷೇಮ. ಬಚ್ಚಲಿಗೆ ಹೇಳಿದ್ದು, ಅಕ್ಕ ತಮ್ಮಂದಿರಿಗಲ್ಲ.

ಸೆಕ್ರೆಟರಿಯ ವಿಳಾಸ ಕಳಿಸಿದ್ದೆನಲ್ಲ, ಆ ಮನುಷ್ಯ ಈಗ ನನ್ನ ಮೇಲೇ ತಿರುಗಿಬಿದ್ದಿದ್ದಾನೆ. ಹೋದ ವಾರ ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತ.

‘ಮೇಷ್ಟ್ರೇ, ಸಂಜೆ ಹೊತ್ತು ಮೇಲೆ ಹೋಗೋರು ಸಾಲಾಗಿ ನಿಂತಿರ್ತಾರೆ. ನೀವು ಬುಗುರಿ ಥರ ಮೇಲೆ ಕೆಳಗೆ ಆಡ್ತಾ ಇದ್ರೆ ಅವರೇನು ಮಾಡ್ಬೇಕು? ಇನ್ಮೇಲೆ ಹತ್ತೋದು ಮೆಟ್ಟಿಲಲ್ಲಿ. ಇಳಿಯುವಾಗ ಲಿಫ್ಟು ಖಾಲಿ ಇರತ್ತೆ, ಧಾರಾಳವಾಗಿ ತಗೊಳ್ಳಿ.’

‘ಬುಗುರಿ ಮೇಲೆ ಕೆಳಗೆ ಆಡಲ್ಲ ಸ್ವಾಮಿ, ಸುತ್ತತ್ತೆ. ಅದು ಬೇರೆ ಪಾಠ.’

‘ನೀವೂ ಸುತ್ಕೊಂಡೇ ಹತ್ತಿ. ಮೆಟ್ಟಿಲು ಸುತ್ತಿ ಸುತ್ತೀನೇ ಇರೋದು.’

ನನಗೇನು, ಪ್ರಯೋಗಕ್ಕೆ ಬೇಕಾಗಿರುವುದು ಇಳಿಯುವುದೇ. ಈಗ ಸಂಜೆ ಕಾಲೇಜಿನಿಂದ ಬಂದವನೇ ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಆರು ಮಹಡಿ ಹತ್ತುತ್ತೇನೆ, ಲಿಫ್ಟಿನಲ್ಲಿ ಇಳಿಯುತ್ತೇನೆ, ಮತ್ತೆ ಹತ್ತುತ್ತೇನೆ. ಒಂದು ಸಲಕ್ಕೆ ಯಾವ ಪ್ರಯೋಗವೂ ಕೈ ಹತ್ತುವುದಿಲ್ಲ, ಸಂಜೆಗೆ ಐದಾರು ಸಲವಾದರೂ ಬೇಕು. ಇದರ ಗಡಿಬಿಡಿಯಲ್ಲಿ ಬೇಕರಿಯ ಕಡೆ ಹೋಗಲು ಪುರುಸೊತ್ತೇ ಇಲ್ಲ. ಬೇಕರಿಯವನು ದಾರಿಯಲ್ಲಿ ಸಿಕ್ಕಿ ‘ಸಾರ್, ನಮ್ಮಿಂದ ಏನಾದ್ರೂ ತಪ್ಪಾಯ್ತಾ?’ ಎಂದು ಕೇಳಿದ, ಪಾಪ.

ಆದರೂ ಸೆಕ್ರೆಟರಿಗೆ ನನ್ನ ಮೇಲೆ ಒಳಗೊಳಗೇ ಗೌರವವಿದೆ. ಈ ವಾರ ಪ್ರತಿ ಮಹಡಿಯ ತಿರುವಿನಲ್ಲೂ ಒಂದೊಂದು ಪ್ಲಾಸ್ಟಿಕ್ ಕುರ್ಚಿ ಇಡಿಸಿದ್ದಾನೆ. ಪಂಡಿತರಿಗೆ ಆಸನ ಕೊಡುವ ಸಂಸ್ಕಾರ ಇನ್ನೂ ಉಳಿದಿದೆ. ನಾನೂ ಒಂದೊಂದರಲ್ಲಿ ಕೂತು, ಉಸಿರಿಗೆ ಮರ್ಯಾದೆ ಕೊಟ್ಟು, ಮುಂದಕ್ಕೆ ಹೋಗುತ್ತೇನೆ.

ಕಿರುಪರೀಕ್ಷೆಯಲ್ಲಿ ಇದೇ ಪ್ರಶ್ನೆ ಕೊಟ್ಟಿದ್ದೆ: ಲಿಫ್ಟಿನಲ್ಲಿ ಕೆಳಗಿಳಿಯುವ ಮನುಷ್ಯನ ತೂಕ ಯಂತ್ರದಲ್ಲಿ ಹೇಗೆ ಕಾಣುತ್ತದೆ? ಎಲ್ಲರೂ ‘ಕಡಿಮೆ’ ಎಂದು ಬರೆದು ಅಂಕ ತೆಗೆದುಕೊಂಡರು. ಕೊನೇ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಮೂರು ಉತ್ತರ ಬರೆದಿದ್ದಾಳೆ! ಹೊರಡುವ ಗಳಿಗೆಯಲ್ಲಿ ಕಡಿಮೆಯಂತೆ, ಆಮೇಲೆ ಒಂದೇ ವೇಗದಲ್ಲಿ ಇಳಿಯುವಷ್ಟು ಹೊತ್ತು ನೆಲದ ಮೇಲೆ ಇದ್ದಷ್ಟೇ ಅಂತೆ, ನಿಲ್ಲುವಾಗ ಜಾಸ್ತಿಯಂತೆ. ಒಂದು ಪ್ರಶ್ನೆಗೆ ಮೂರು ಉತ್ತರ ಬರೆದರೆ ಯಾವುದಾದರೂ ಒಂದು ಗುರಿ ಮುಟ್ಟೀತು ಎಂಬ ಲೆಕ್ಕ. ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ‘ಒಮ್ಮೆ ಲಿಫ್ಟ್ ಹತ್ತಿ ನೋಡು’ ಎಂದು ಬರೆದುಕೊಟ್ಟೆ.

ಫೋಟೋ ನೋಡು. ತೊಂಬತ್ನಾಲ್ಕು!

ಗುಂಡ

ಆಗಸ್ಟ್ ೮

ಅಕ್ಕಾ,

ತೊಂಬತ್ತೊಂದು. ಓದು, ಕಣ್ಣೊರೆಸಿಕೊಂಡು ಮತ್ತೆ ಓದು. ಹಿಂದೆ ಇದೇ ತೊಂಬತ್ತೊಂದನ್ನು ಕವಿತೆ ಕಟ್ಟಿ ಬರೆದಿದ್ದೆನಲ್ಲ, ಅದು ಭವಿಷ್ಯವಾಣಿಯಾಗಿತ್ತು.

ನಿನ್ನಿಂದ ಒಂದು ಸಾಲೂ ಇಲ್ಲ. ಸೋಲುವವರಿಗೆ ಕಾಗದ ಬರೆಯಲು ಕೈ ಬರುವುದಿಲ್ಲವೆಂದು ಕೇಳಿದ್ದೇನೆ. ಟ್ರಂಕನ್ನು ಅಟ್ಟಕ್ಕೆ ಹಾಕು, ಸೀಟಿಯನ್ನು ಯಾವುದಾದರೂ ಫುಟ್‌ಬಾಲ್ ಸಂಘಕ್ಕೆ ದಾನ ಮಾಡು.

ಇಲ್ಲಿ ಒಂದೇ ತಲೆನೋವು. ಇಸ್ತ್ರಿ ಅಂಗಡಿಯವನು ನನ್ನ ಪ್ಯಾಂಟುಗಳನ್ನೆಲ್ಲ ಎಳೆದೆಳೆದು ಹಿಗ್ಗಿಸಿಬಿಟ್ಟಿದ್ದಾನೆ. ಸೊಂಟದಲ್ಲಿ ನಿಲ್ಲುವುದೇ ಇಲ್ಲ. ನಿನ್ನೆ ತರಗತಿಯಲ್ಲಿ ಗುರುತ್ವಾಕರ್ಷಣೆಯ ಪಾಠ ಮಾಡುವಾಗ ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದು ಕೈಯಲ್ಲಿ ಪ್ಯಾಂಟು. ಉದಾಹರಣೆ ಕಣ್ಣೆದುರಿಗೇ ಇದ್ದುದರಿಂದ ಯಾರೂ ಪ್ರಶ್ನೆ ಕೇಳಲಿಲ್ಲ. ಅಂಗಡಿಗೆ ಹೋಗಿ ಜಗಳವಾಡಿ ಬಂದೆ. ‘ಸಾರ್, ಇಸ್ತ್ರಿ ಮಾಡಿದ್ರೆ ಬಟ್ಟೆ ಬೆಳೆಯಲ್ಲ’ ಎಂದು ನನಗೇ ಪಾಠ ಹೇಳುತ್ತಾನೆ!

ವಿಜಯಿ ಗುಂಡ

ಆಗಸ್ಟ್ ೧೪

ಚಿ. ಗುಂಡನಿಗೆ,

ಬರೆಯದೆ ಇದ್ದದ್ದು ಸೋತು ಅಲ್ಲ. ಬರೆಯಲು ಕೂತಾಗಲೆಲ್ಲ ಇದನ್ನು ಬರೆಯಲೋ ಬೇಡವೋ ಎಂದು ಎದ್ದುಬಿಡುತ್ತಿದ್ದೆ.

ಸೆಪ್ಟೆಂಬರ್ ಒಂದನ್ನೇ ಯಾಕೆ ಇಟ್ಟೆ ಎಂದು ನೀನು ಒಂದು ಸಲವೂ ಕೇಳಲಿಲ್ಲ. ಅವತ್ತಿಗೆ ನಿನಗೆ ಐವತ್ತನಾಲ್ಕು ತುಂಬುತ್ತದೆ. ಅಪ್ಪನಿಗೂ ಅಷ್ಟೇ ಆಗಿತ್ತು. ನೀನಾಗ ಹಾಸ್ಟೆಲಿನಲ್ಲಿದ್ದೆ, ‘ಮಲಗಿದ್ದಲ್ಲೇ ಹೋದರು’ ಎಂದು ನಾನೇ ನಿನಗೆ ಹೇಳಿದ್ದು. ಮಲಗಿದ್ದಲ್ಲಿ ಅಲ್ಲ. ಮನೆಯ ಮೆಟ್ಟಿಲು ಹತ್ತುತ್ತಾ ನಡುವೆ ನಿಂತರು. ನಿನ್ನ ಹಾಗೇ ಏನೋ ತಮಾಷೆ ಹೇಳಿ ನಕ್ಕರು. ‘ಮಗಳೇ, ಒಂಚೂರು ಕೂತ್ಕೊಳ್ತೀನಿ’ ಅಂದರು. ಮೆಟ್ಟಿಲು ತಣ್ಣಗಿದೆ, ಕುರ್ಚಿ ತರುತ್ತೇನೆ ಇರಿ ಎಂದು ಒಳಗೆ ಓಡಿದೆ. ನರ್ಸ್ ಕೆಲಸಕ್ಕೆ ಸೇರಿ ಆಗ ಒಂದು ತಿಂಗಳೂ ಆಗಿರಲಿಲ್ಲ.

ಕುರ್ಚಿ ತಂದೆ. ಅದು ಬೇಕಾಗಲಿಲ್ಲ.

ಅಪ್ಪನದು ನಿನ್ನದೇ ಮೈಕಟ್ಟು. ನಿನ್ನದೇ ನಗು. ಅಷ್ಟೇ ಹೇಳಬೇಕಿತ್ತು.

ಅಕ್ಕ

ಆಗಸ್ಟ್ ೧೯

ಅಕ್ಕಾ,

ಕಾಗದ ಓದಿ ಎರಡು ದಿನ ಯಾರ ಹತ್ತಿರವೂ ತಮಾಷೆ ಮಾಡಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನನಗೆ ಜ್ವರವೆಂದುಕೊಂಡರು.

ಇಷ್ಟಾದ ಮೇಲೂ ಮುಚ್ಚಿಟ್ಟರೆ ನಾನು ಮನುಷ್ಯನೇ ಅಲ್ಲ. ನಾನು ಕಳಿಸಿದ ಫೋಟೋಗಳೆಲ್ಲ ಲಿಫ್ಟಿನಲ್ಲಿ ತೆಗೆದವು. ವಿದ್ಯಾರ್ಥಿಗಳಿಗೆ ಪ್ರಯೋಗವೂ ಇಲ್ಲ, ಬಚ್ಚಲಿಗೆ ತಗಡೂ ಇಲ್ಲ. ಲಿಫ್ಟು ಇಳಿಯುವಾಗ ತೂಕ ಕಡಿಮೆ ಕಾಣುತ್ತದಲ್ಲ, ಅದನ್ನೇ ಹಿಡಿದು ನಿನಗೆ ಟೋಪಿ ಹಾಕಿದೆ. ಮೊದಲು ಒಂದೇ ಕಿಲೋ ಇಳಿಯಿತು; ಕಣ್ಣಿಗೆ ಎಂಬತ್ತಾರು ಕಂಡರೂ ಮೊಬೈಲು ಮಂದ, ತೊಂಬತ್ತೇಳನ್ನೇ ಹಿಡಿಯುತ್ತಿತ್ತು. ಆಮೇಲೆ ಬೆರಳು ಪಳಗಿತು, ವಾರ ವಾರಕ್ಕೂ ಹೆಚ್ಚೆಚ್ಚು ಇಳಿಸಿದೆ. ನಾಚಿಕೆಯ ನಡುವೆಯೂ ಒಂದು ಮಾತು ಹೇಳಿಬಿಡುತ್ತೇನೆ, ಕ್ಷಮಿಸು: ಒಂದು ಚೂರೂ ತೆಳ್ಳಗಾಗದೆ, ಬರೀ ಚಲನೆಯ ನಿಯಮದಿಂದ ಏಳು ಕಿಲೋ ಇಳಿಸಿದವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಮೂವತ್ತು ವರ್ಷದ ಹೆಡ್ ನರ್ಸಿಗೂ ಗೊತ್ತಾಗದ ಹಾಗೆ!

ನಿಜವಾದ ತೂಕ ಎಷ್ಟೋ ಗೊತ್ತಿಲ್ಲ. ಜೂನ್ ಆದ ಮೇಲೆ ನೆಲದ ಮೇಲೆ ಯಂತ್ರವಿಟ್ಟು ಹತ್ತಿಲ್ಲ. ನೂರೇ ಇದ್ದೀತು. ನೀನು ಬಾ. ಟ್ರಂಕು ತಾ. ಸೀಟಿಯನ್ನೂ ತಾ. ಐದು ಗಂಟೆಗೆ ಏಳುತ್ತೇನೆ.

ಗುಂಡ

ಆಗಸ್ಟ್ ೨೫

ಚಿ. ಗುಂಡನಿಗೆ,

ಹೆಡ್ ನರ್ಸಿಗೆ ಗೊತ್ತಾಗಲಿಲ್ಲವಂತೆ! ಅಯ್ಯೋ ಪೆದ್ದೇ. ಬಚ್ಚಲಿನಲ್ಲಿ ಯಾರಾದರೂ ಗೋಡೆಗೆ ‘ಎಂಟು ಜನ ಮಾತ್ರ’ ಎಂದು ಬೋರ್ಡು ಹಾಕುತ್ತಾರಾ? ಮೊದಲನೇ ಫೋಟೋದ ಮೂಲೆಯಲ್ಲೇ ಅದರ ಪ್ರತಿಬಿಂಬ ಉಕ್ಕಿನ ಗೋಡೆಯಲ್ಲಿ ಹೊಳೆಯುತ್ತಿತ್ತು. ಅವತ್ತೇ ಸೆಕ್ರೆಟರಿಯ ವಿಳಾಸ ಕೇಳಿದ್ದು.

ಅವರಿಗೆ ಬರೆದವಳು ನಾನೇ. ‘ನನ್ನ ತಮ್ಮನನ್ನು ಬೈಯಬೇಡಿ, ಲಿಫ್ಟಿನಲ್ಲಿ ಇಳಿಯಲು ಬಿಡಿ, ಹತ್ತಲು ಮಾತ್ರ ಬಿಡಬೇಡಿ’ ಅಂದೆ. ಅದಕ್ಕೂ ಮೊದಲು ನಿನ್ನ ಡಾಕ್ಟರಿಗೆ ಫೋನು ಮಾಡಿದ್ದೆ. ನಿಧಾನವಾಗಿ, ಕೂತು ಕೂತು ಹತ್ತಲಿ, ಒಳ್ಳೆಯದೇ ಅಂದರು. ಹೊರಗಿನಿಂದ ಬಲ ಬೇಕು ಎಂದು ನೀನೇ ಬರೆದಿದ್ದೆಯಲ್ಲ. ಕಳ್ಳ ತಾನಾಗಿಯೇ ಓಡುತ್ತಿರುವಾಗ ಹಿಡಿದು ನಿಲ್ಲಿಸುವುದು ಯಾಕೆ ಎಂದು ಸುಮ್ಮನಿದ್ದೆ.

ಆ ಕುರ್ಚಿಗಳು ಪಂಡಿತರಿಗೆ ಅಂದುಕೊಂಡೆಯಲ್ಲ. ಅವು ನಾನು ಇಡಿಸಿದ್ದು, ಗುಂಡ. ಈ ಸಲ ಮೊದಲೇ ಇರಲಿ ಅನ್ನಿಸಿತು.

ಈಗ ಹೇಳಿದಷ್ಟು ಮಾಡು. ಯಂತ್ರವನ್ನು ಆರನೇ ಮಹಡಿಯ ದೊಡ್ಡಮ್ಮನ ಅಡುಗೆಮನೆಯ ನೆಲದ ಮೇಲಿಡು. ಅವರ ಎದುರು ಹತ್ತು. ಅಂಕಿ ಅವರೇ ಓದಲಿ. ಆಮೇಲೆ ನೀನು ಸೊನ್ನೆ ಕೊಟ್ಟ ಆ ಹುಡುಗಿಯ ಉತ್ತರವನ್ನು ಇನ್ನೊಂದು ಸಲ ಓದು. ನಾನು ಮೂರು ಸಲ ಓದಿದೆ. ಓದಿ, ನಮ್ಮ ಆಸ್ಪತ್ರೆಗೆ ಹೋಗಿ, ವಾರ್ಡಿನ ತೂಕದ ಯಂತ್ರವನ್ನು ಲಿಫ್ಟಿನಲ್ಲಿಟ್ಟು ಹತ್ತಿ ನೋಡಿ ಬಂದೆ. ಏನು ಕಂಡಿತೆಂದು ಹೇಳುವುದಿಲ್ಲ. ನನಗೆ ಇದೆಲ್ಲ ಅರ್ಥವಾಗುವುದಿಲ್ಲ ಬಿಡು.

ಅಕ್ಕ

ಸೆಪ್ಟೆಂಬರ್ ೧

ಅಕ್ಕಾ,

ದೊಡ್ಡಮ್ಮ ಕನ್ನಡಕ ಹಾಕಿಕೊಂಡು, ನೆಲಕ್ಕೆ ಕೂತು, ಮುಳ್ಳಿನ ಹತ್ತಿರ ಮೂಗು ತಂದು ಓದಿದರು: ‘ಎಂಬತ್ತೊಂಬತ್ತು.’ ಸರಿಯಾಗಿ ನೋಡಿ ಅಂದೆ. ‘ನನ್ನ ಕಣ್ಣಿಗೇನಾಗಿದೆ? ನಿನ್ನ ಹೊಟ್ಟೆ ಅಡ್ಡ ಬರ್ತಿತ್ತು ಮೊದಲು, ಈಗ ಅದೂ ಇಲ್ಲ’ ಅಂದರು. ಯಂತ್ರ ಕೆಟ್ಟಿದೆಯೆಂದು ಕಾಲೇಜಿನ ಪ್ರಯೋಗಶಾಲೆಗೆ ಹೊತ್ತೊಯ್ದು, ಗೊತ್ತಿರುವ ತೂಕದ ಬಟ್ಟುಗಳನ್ನಿಟ್ಟು ನೋಡಿದೆ. ಯಂತ್ರ ಸತ್ಯಸಂಧ. ಕೆಟ್ಟಿದ್ದು ಬೇರೆ ಏನೋ.

ಕೂತು ಯೋಚಿಸಿದೆ. ನಮ್ಮ ಲಿಫ್ಟು ಹೊರಡುವ ಜಗ್ಗು ಒಂದು ಸಲ ಸೀನುವಷ್ಟು ಹೊತ್ತು. ಆ ಸೀನಿನಲ್ಲಿ ಮುಳ್ಳು ಎಂಬತ್ತಾರಕ್ಕೆ ಜಿಗಿದದ್ದು ನಿಜ. ಆದರೆ ನಾನು ಹೊಟ್ಟೆಯನ್ನು ಸುತ್ತುಬಳಸಿ ಬಗ್ಗಿ, ಮೊಬೈಲು ನೇರ ಮಾಡಿ, ಒತ್ತುವಷ್ಟರಲ್ಲಿ ಲಿಫ್ಟು ಒಂದೇ ವೇಗದಲ್ಲಿ ತಣ್ಣಗೆ ಇಳಿಯುತ್ತಿತ್ತು. ಒಂದೇ ವೇಗದಲ್ಲಿ ನೆಟ್ಟಗೆ ಹೋಗುವುದೂ ಒಂದೇ, ನಿಂತಿರುವುದೂ ಒಂದೇ. ಮುಳ್ಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊದಲನೇ ನಿಯಮ. ಮೊದಲನೇ ಪಾಠದ ಮೊದಲನೇ ಪುಟ. ಜೂನ್ ನಾಲ್ಕರಂದು ನಿನಗೇ ಬರೆದು ತಿಳಿಸಿದ್ದು.

ಅಂದರೆ ನಾನು ಕಳಿಸಿದ ಪ್ರತಿಯೊಂದು ಅಂಕಿಯೂ ನಿಜ, ಅಕ್ಕಾ. ನಿನಗೆ ಒಂದು ಸುಳ್ಳನ್ನೂ ಹೇಳಲು ನನ್ನ ಕೈಲಾಗಲಿಲ್ಲ. ಪ್ರಯತ್ನದಲ್ಲಿ ಕೊರತೆಯಿರಲಿಲ್ಲ. ಮೋಸ ಮಾಡಲು ಹತ್ತಿದ ಮೆಟ್ಟಿಲೇ ನನ್ನನ್ನು ಇಳಿಸಿದೆ. ಇಸ್ತ್ರಿ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. ‘ಬಿಡಿ ಸಾರ್, ಪ್ಯಾಂಟು ನಾನೇ ಒಳಗೆ ಹಿಡಿದು ಹೊಲಿಸಿಕೊಡ್ತೀನಿ’ ಅಂದ.

ಕರಾರಿನ ಪ್ರಕಾರ ನೀನಿನ್ನು ಬರಬೇಕಾಗಿಲ್ಲ. ಆದರೂ ಬಾ. ಇವತ್ತು ಬೆಳಿಗ್ಗೆ ನಾಲ್ಕನೇ ಮಹಡಿಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದೆ. ಉಸಿರು ಕಟ್ಟಿರಲಿಲ್ಲ. ಆದರೂ ಕೂತೆ. ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಿದೆ.

ಕೊನೆಯದಾಗಿ ಒಂದು. ಇಪ್ಪತ್ತಾರು ವರ್ಷದಲ್ಲಿ ಒಂದು ನರಪಿಳ್ಳೆಯೂ ತಪ್ಪು ಹಿಡಿದಿಲ್ಲ ಎಂದು ಬರೆದಿದ್ದೆನಲ್ಲ. ನಿನ್ನೆ ಆ ಕೊನೇ ಬೆಂಚಿನ ಹುಡುಗಿಯನ್ನು ಕರೆದು, ಸೊನ್ನೆ ಹೊಡೆದು ಹಾಕಿ ಪೂರ್ತಿ ಅಂಕ ಕೊಟ್ಟೆ. ಅವಳು ಕಾಗದವನ್ನು ನೋಡಿದಳು, ಕೆಂಪು ಶಾಯಿಯ ನನ್ನ ಅಕ್ಷರ ನೋಡಿದಳು, ಆಮೇಲೆ ಬಹಳ ವಿನಯದಿಂದ ಕೇಳಿದಳು:

‘ಸಾರ್, ನೀವು ಲಿಫ್ಟ್ ಹತ್ತಿ ನೋಡಿದ್ರಾ?’

ಎರಡು ತಿಂಗಳು, ದಿನಕ್ಕೆ ಐದಾರು ಸಲ ನೋಡಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.

‘ಇಲ್ಲಮ್ಮ, ನಾನು ಮೆಟ್ಟಿಲಲ್ಲೇ ಹೋಗೋದು’ ಅಂದೆ.

ಇಂತಿ ನಿನ್ನ ತೂಕ ತಪ್ಪಿದ ತಮ್ಮ